ಉಕ್ಕಿನ ಸೈಕಲ್ಲೂ ಊರಿನ ಅಂಗಡಿಯೂ

ಸಕ್ಕರೆ ಕಾಯಿಲೆ, ಬೊಜ್ಜು, ಮಲಬದ್ಧತೆ, ನಿದ್ರಾಹೀನತೆಗಳೆಂದು ನಮ್ಮಲ್ಲಿಗೆ ಬರುವವರಿಗೆ ಕಷಾಯ, ಚೂರ್ಣಗಳ ಜೊತೆಗೆ ಸೈಕಲ್ ತುಳಿಯಿರೆಂದು ಹೇಳುವ ರೂಢಿ ನಮಗುಂಟು. ಹೇಳಿದೊಡನೆ ಅವರು ಕೇಳುವ ಪ್ರಶ್ನೆ ಒಂದೇ: ಯಾವ ಸೈಕಲ್ ಕೊಳ್ಳೋಣ? ಕೆಲವರು ಕೇಳುವುದಕ್ಕೂ ಮೊದಲೇ ಕೊಂಡಿರುತ್ತಾರೆ. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿದ ಗೇರ್ ಸೈಕಲ್ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಮೊಮ್ಮಗ ಅದರೊಳಗಿನ ಪಾನವನ್ನು ತೆಗೆದು ತಿರುಪುಗಳನ್ನು ಬಿಗಿದು ಕೊಡುತ್ತಾನೆ. ಎಂಟು ದಿನ ತುಳಿದ ಮೇಲೆ ಮೊಣಕಾಲು ನೋಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ, ಕುತ್ತಿಗೆ ಬಿಗಿಯುತ್ತದೆ. ಒಂಬತ್ತನೆಯ ದಿನದಿಂದ ಆ ಸೈಕಲ್ಲಿನ ಮೇಲೆ ಟವೆಲ್ಲು ಒಣಗುತ್ತಿರುತ್ತದೆ. ರೋಗಿಯು ನಮ್ಮೆದುರು ಕುಳಿತು, ಸೈಕಲ್ ನಮ್ಮ ದೇಹಕ್ಕೆ ಒಗ್ಗುವುದಿಲ್ಲ ಸ್ವಾಮಿ, ಎನ್ನುತ್ತಾರೆ.

ಒಗ್ಗದಿದ್ದುದು ಆ ಸೈಕಲ್, ಅದೂ ಆ ರೀತಿಯಲ್ಲಿ ಜೋಡಿಸಿದ್ದು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇವೆ. ಆರೋಗ್ಯಕ್ಕಾಗಿ ಸೈಕಲ್ ತುಳಿಯಬಯಸುವ ನಡುವಯಸ್ಸಿನವರು ಮತ್ತು ಹಿರಿಯರು ಉಕ್ಕಿನ ಫ್ರೇಮಿನ ಸಾದಾ ಸೈಕಲ್ಲನ್ನು ತಮ್ಮ ಎತ್ತರಕ್ಕೆ ಹೊಂದುವಂತೆ ಆರಿಸಿಕೊಳ್ಳಬೇಕು. ಅದನ್ನು ತಮ್ಮ ಊರಿನ ಚಿಕ್ಕ ಅಂಗಡಿಯಲ್ಲಿ, ಮಾಲೀಕನೇ ಕುಳಿತು ಚಕ್ರ ಕಟ್ಟುವ ಅಂಗಡಿಯಲ್ಲಿ, ಕೊಳ್ಳಬೇಕು. ಇದರ ಹಿಂದೆ ಹಳೆಯ ಕಾಲದ ಮೋಹವೂ ಸ್ವಲ್ಪ ಇರಬಹುದು. ಕಾರಣಗಳು ಮಾತ್ರ ವೈದ್ಯಕ್ಕೆ ಸೇರಿದವು.

ಪ್ರಮೇಹದ ಚಿಕಿತ್ಸೆಯನ್ನು ಹೇಳುವಾಗ ಸುಶ್ರುತಾಚಾರ್ಯರು ಔಷಧಗಳನ್ನು ವಿವರಿಸಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಅನುಕೂಲವಿದ್ದವನು ವ್ಯಾಯಾಮ, ಕುಸ್ತಿ, ಆನೆ ಕುದುರೆಗಳ ಸವಾರಿ, ನಡಿಗೆಗಳಲ್ಲಿ ತೊಡಗಬೇಕೆನ್ನುತ್ತಾರೆ. ಹಣವೂ ಬಂಧುಗಳೂ ಇಲ್ಲದವನು ಕೊಡೆ, ಪಾದರಕ್ಷೆಗಳಿಲ್ಲದೆ, ಭಿಕ್ಷಾನ್ನವನ್ನು ಉಂಡು, ಒಂದೊಂದು ಊರಿನಲ್ಲಿ ಒಂದೊಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕೆನ್ನುತ್ತಾರೆ. ಇಲ್ಲವೆ ದನ ಕಾಯಬೇಕು, ಬಾವಿ ತೋಡಬೇಕು. ನಮ್ಮ ಚರಜಂಗಮರ ಬದುಕನ್ನು ಬಲ್ಲ ಓದುಗರಿಗೆ ಈ ಚಿತ್ರ ಹೊಸದಲ್ಲ. ಈ ಮಾತಿನಲ್ಲಿ ನಮಗೆ ಮುಖ್ಯವಾಗಿ ಕಾಣುವುದೇನೆಂದರೆ, ಆಚಾರ್ಯರು ಹೇಳಿದ ವ್ಯಾಯಾಮಗಳಲ್ಲಿ ಬಹುಪಾಲು ದಿನದ ಬದುಕಿನೊಳಗೆ ಬೆರೆತಿರುವಂಥವು. ಎಲ್ಲಿಗಾದರೂ ಹೋಗಬೇಕು, ಏನನ್ನಾದರೂ ಮಾಡಬೇಕು; ದೇಹ ದಣಿಯುವುದು ಆ ಕೆಲಸದ ಜೊತೆಯಲ್ಲಿ. ಸೈಕಲ್ ಈ ಜಾತಿಗೆ ಸೇರಿದ್ದು. ವಿನೋಬನಗರದಿಂದ ಗಾಂಧಿ ಬಜಾರಿಗೆ ಸೊಪ್ಪು ತರಲು ಹೋಗಿಬಂದವನು ತಾನು ವ್ಯಾಯಾಮ ಮಾಡಿದೆನೆಂದು ಎಣಿಸುವುದಿಲ್ಲ. ಆದ್ದರಿಂದಲೇ ನಾಳೆಯೂ ಮಾಡುತ್ತಾನೆ.

ಆಧುನಿಕ ವೈದ್ಯವೂ ಈ ದಿಕ್ಕಿನಲ್ಲಿಯೇ ಹೇಳುತ್ತದೆ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಮೆಯೆಂದು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿಯೇ ತೋರಿಸಿದರು. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ರಿಟನ್ನಿನ ಸುಮಾರು 2.6 ಲಕ್ಷ ಜನರನ್ನು ಗಮನಿಸಿತು. ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರಲ್ಲಿ ಆ ವರ್ಷಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ, ಕಾರು ಬಸ್ಸುಗಳಲ್ಲಿ ಹೋಗುತ್ತಿದ್ದವರಿಗಿಂತ ಶೇಕಡಾ 41ರಷ್ಟು ಕಡಮೆಯಿತ್ತು. ಸೈಕಲ್ ತುಳಿಯುವವರು ಮೊದಲಿನಿಂದಲೇ ಆರೋಗ್ಯವಂತರಾಗಿರಬಹುದಲ್ಲವೆ ಎಂಬ ಸಂಶಯಕ್ಕೆ ಇಂಥ ಅಧ್ಯಯನಗಳಲ್ಲಿ ಪೂರ್ತಿ ಪರಿಹಾರ ಸಿಕ್ಕುವುದಿಲ್ಲ. ಆದರೂ ಅಂಕಿ ದೊಡ್ಡದು, ಕಡೆಗಣಿಸುವಂಥದಲ್ಲ.

ಇದಕ್ಕೆ ಉದಾಹರಣೆ ಹುಡುಕಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ, ಹದಿನೆಂಟು ಇಪ್ಪತ್ತು ಕಿಲೋಮೀಟರು ಭದ್ರಾವತಿಗೆ ಹೋದರೆ ಸಾಕು. ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಆ ಊರಿನಲ್ಲಿ ಮೈಸೂರು ಸಂಸ್ಥಾನವು ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿ, 1923ರಲ್ಲಿ ಕುಲುಮೆ ಹೊತ್ತಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಸರ್ ಎಂ. ವಿಶ್ವೇಶ್ವರಯ್ಯನವರ ಮೇಲ್ವಿಚಾರಣೆ, ಇವುಗಳಿಂದ ಬೆಳೆದ ಕಾರ್ಖಾನೆಯದು. 1930ರ ದಶಕದಲ್ಲಿ ಉಕ್ಕನ್ನೂ ಆಮೇಲೆ ಮಿಶ್ರಲೋಹದ ವಿಶೇಷ ಉಕ್ಕನ್ನೂ ತಯಾರಿಸಿತು. ಪಾಳಿ ಬದಲಾಗುವ ಹೊತ್ತಿಗೆ ಜನ್ನಾಪುರದ ಕಡೆಗೂ ನ್ಯೂಟೌನಿನ ಕಡೆಗೂ ಸೈಕಲ್ಲುಗಳ ಹೊಳೆ ಹರಿಯುತ್ತಿದ್ದುದನ್ನು ನಮ್ಮ ತಲೆಮಾರಿನವರೆಲ್ಲ ಕಂಡಿದ್ದೇವೆ. ಕ್ಯಾರಿಯರಿಗೆ ಊಟದ ಡಬ್ಬಿ, ಪ್ಯಾಂಟಿನ ಕಾಲಿಗೆ ಕ್ಲಿಪ್ಪು, ರಾತ್ರಿ ಪಾಳಿಯವರಿಗೆ ಡೈನಮೋ ದೀಪ. ಅವರಲ್ಲಿ ಅನೇಕರು ಇಂದು ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿ ನಮ್ಮಲ್ಲಿಗೆ ಬರುತ್ತಾರೆ. ನಿವೃತ್ತಿಯಾದ ಮೇಲೂ ಸೈಕಲ್ಲನ್ನು ಬಿಡದವರ ಕಾಲುಗಳನ್ನು ನಾವು ಮುಟ್ಟಿ ನೋಡಿದ್ದೇವೆ: ತೊಡೆಯ ಮಾಂಸಖಂಡ ಕರಗಿರುವುದಿಲ್ಲ, ಕುರ್ಚಿಯಿಂದ ಕೈಯೂರದೆ ಏಳುತ್ತಾರೆ. ನಿವೃತ್ತಿಯ ಹಣದಲ್ಲಿ ಸ್ಕೂಟರು ಕೊಂಡು ಸೈಕಲ್ಲನ್ನು ಗುಜರಿಗೆ ಹಾಕಿದವರ ಕಥೆ ಬೇರೆಯಿದೆ. ಊಟ ಪಾಳಿಯ ಕಾಲದ್ದೇ, ದುಡಿಮೆ ಮಾತ್ರ ಇಲ್ಲ. ಐದಾರು ವರ್ಷದಲ್ಲಿ ಸಕ್ಕರೆ ಕಾಯಿಲೆ ಮನೆಗೆ ಬಂದಿರುತ್ತದೆ. ಇದು ಅಧ್ಯಯನವಲ್ಲ, ಒಬ್ಬ ವೈದ್ಯನ ಮೇಜಿನ ಎದುರಿನ ನೋಟ. ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಊರಿಗೆ ಊರೇ ಬೀದಿಗಿಳಿಯಿತು. ಆ ಸಂಕಟದ ವಿಚಾರ ಬೇರೆಯೇ ಲೇಖನಕ್ಕೆ ಸೇರಿದ್ದು.

ಇನ್ನು ಉಕ್ಕೇ ಏಕೆ? ಇಂದು ಬೆಲೆಬಾಳುವ ಸೈಕಲ್ಲುಗಳ ಫ್ರೇಮು ಅಲ್ಯೂಮಿನಿಯಂನದು ಅಥವಾ ಕಾರ್ಬನ್ ನೂಲಿನದು. ಎರಡೂ ಹಗುರ. ಉಕ್ಕು ಅಲ್ಯೂಮಿನಿಯಂಗಿಂತ ಹೆಚ್ಚುಕಡಮೆ ಮೂರು ಪಾಲು ಭಾರ, ಬಾಗದಿರುವ ಗುಣದಲ್ಲಿಯೂ ಮೂರು ಪಾಲು ಗಟ್ಟಿ. ಲೋಹಗಳಿಗೂ ದಣಿವು ಎಂಬುದುಂಟು. ಒಮ್ಮೆಗೆ ಮುರಿಯಲಾರದಷ್ಟು ಚಿಕ್ಕ ಪೆಟ್ಟಾದರೂ ಲಕ್ಷ ಸಲ ಬಿದ್ದರೆ ಲೋಹ ಬಿರುಕು ಬಿಡುತ್ತದೆ. ಆದರೆ ಸಾದಾ ಉಕ್ಕಿಗೆ ಒಂದು ಮಿತಿಯಿದೆ. ಅದರ ಒಟ್ಟು ಬಲದ ಸುಮಾರು ಅರ್ಧದೊಳಗೆ ಹೊರೆ ಬೀಳುತ್ತಿದ್ದರೆ ಎಣಿಕೆ ಇಲ್ಲದಷ್ಟು ಸಲ ಅದನ್ನು ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಇಂಥ ಮಿತಿ ಇಲ್ಲ. ಪ್ರತಿಯೊಂದು ಪೆಟ್ಟೂ ಅದರ ಲೆಕ್ಕದಲ್ಲಿ ಜಮೆಯಾಗುತ್ತ ಹೋಗುತ್ತದೆ. ಆದ್ದರಿಂದ ಅದರ ಕೊಳವೆಗಳನ್ನು ದಪ್ಪವಾಗಿ ಮಾಡುತ್ತಾರೆ.

ಒಬ್ಬ ಎಂಜಿನಿಯರು ಇದನ್ನು ನಮಗೆ ವಿವರಿಸಿದಾಗ ನಾವು ನಕ್ಕುಬಿಟ್ಟೆವು. ಆಯುರ್ವೇದದಲ್ಲಿ ವ್ಯಾಯಾಮಕ್ಕೆ ಹೇಳಿರುವ ಅಳತೆಯೂ ಅರ್ಧಶಕ್ತಿಯೇ. ಬಲಶಾಲಿಯಾದವನು ಕೂಡ, ಅದೂ ಚಳಿಗಾಲ ಮತ್ತು ವಸಂತಗಳಲ್ಲಿ, ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ದಣಿಯಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತ ಕಡಮೆ. ಹಣೆ, ಕಂಕುಳುಗಳಲ್ಲಿ ಬೆವರೊಡೆದು, ಬಾಯಿ ಒಣಗಿ, ಬಾಯಿಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಇದರೊಳಗೆ ನಿಂತರೆ ದೇಹವೂ ಬಹುಕಾಲ ಬಾಳುತ್ತದೆ. ಸೈಕಲ್ಲಿನ ಮೇಲೆ ಇದನ್ನು ಪಾಲಿಸುವುದು ಸುಲಭ: ಪಕ್ಕದವನೊಡನೆ ಮಾತಾಡುತ್ತ ತುಳಿಯಲು ಸಾಧ್ಯವಾದರೆ ಸರಿಯಾದ ವೇಗ, ಮಾತು ತುಂಡಾಗತೊಡಗಿದರೆ ನಿಧಾನಿಸಬೇಕು.

ಉಕ್ಕಿನ ಇನ್ನೊಂದು ಗುಣ, ಅದು ಮುರಿಯುವ ಮುನ್ನ ಬಾಗುತ್ತದೆ. ಬಾಗಿದ ಫೋರ್ಕು ಕಣ್ಣಿಗೆ ಕಾಣುತ್ತದೆ, ಬಣ್ಣ ಸುಲಿದು ಎಚ್ಚರಿಕೆ ಕೊಡುತ್ತದೆ. ಅರವತ್ತರ ಮೂಳೆ ಹೊತ್ತು ಸವಾರಿ ಮಾಡುವವರಿಗೆ ಇದು ಚಿಕ್ಕ ಮಾತಲ್ಲ. ಬಿರುಕು ಬಿಟ್ಟರೂ ಉಕ್ಕಿಗೆ ಮದ್ದುಂಟು. ಹಳೆಯ ಮಾದರಿಯ ಫ್ರೇಮಿನಲ್ಲಿ ಕೊಳವೆಗಳನ್ನು ಲಗ್ ಎಂಬ ಕಿರುಕೊಳವೆಯೊಳಗೆ ಕೂರಿಸಿ, ಹಿತ್ತಾಳೆಯನ್ನು ಕರಗಿಸಿ ಸಂದಿಗೆ ಹರಿಸಿರುತ್ತಾರೆ. ಹಿತ್ತಾಳೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಉಕ್ಕು ಕರಗಲು 1,500ರ ಹತ್ತಿರ ಹೋಗಬೇಕು. ಆದ್ದರಿಂದ ಕೊಳವೆಗೆ ಹಾನಿಯಾಗದೆ ಬೆಸುಗೆ ಬೀಳುತ್ತದೆ, ಬೇಕಾದಾಗ ಬಿಚ್ಚಲೂ ಬರುತ್ತದೆ. ಈ ಕೆಲಸವನ್ನು ಗ್ಯಾಸ್ ವೆಲ್ಡಿಂಗ್ ಬಲ್ಲ ಕುಶಲ ಕೆಲಸಗಾರ ಯಾವ ಊರಿನಲ್ಲಿಯಾದರೂ ಮಾಡಬಲ್ಲ. ಅಲ್ಯೂಮಿನಿಯಂ ಫ್ರೇಮನ್ನು ಹೀಗೆ ಬೆಸೆದರೆ ಕಾರ್ಖಾನೆಯಲ್ಲಿ ಕಾಯಿಸಿ ಕೊಟ್ಟ ಬಲ ಆ ಜಾಗದಲ್ಲಿ ಹೋಗಿಬಿಡುತ್ತದೆ. ಜಪಾನಿನಲ್ಲಿ 1948ರಿಂದ ನಡೆದುಬಂದಿರುವ ಕೈರಿನ್ ಸೈಕಲ್ ಪಂದ್ಯಗಳಿಗೆ, ಚಿಕ್ಕ ಚಿಕ್ಕ ಕಮ್ಮಟಗಳಲ್ಲಿ ಕೈಯಿಂದ ಬೆಸೆದ ಉಕ್ಕಿನ ಫ್ರೇಮುಗಳನ್ನು ಸವಾರನ ಮೈಯಳತೆಗೆ ಮಾಡಿಕೊಡುವ ಸಂಪ್ರದಾಯ ಇಂದಿಗೂ ಇದೆ. ಅತ್ಯಾಧುನಿಕ ಯಂತ್ರಗಳ ನಾಡಿನವರು ಹೀಗೆ ಮಾಡುತ್ತಿರುವಾಗ ಉಕ್ಕನ್ನು ಬಡವರ ಲೋಹವೆಂದು ನಾವು ಮೂಗು ಮುರಿಯುವುದು ತರವಲ್ಲ.

ಉಕ್ಕಿನ ಫ್ರೇಮು ರಸ್ತೆಯ ಕುಲುಕಾಟವನ್ನೆಲ್ಲ ಹೀರಿಬಿಡುತ್ತದೆ ಎಂದು ಕೆಲವರು ಹೇಳುವುದುಂಟು. ಅದನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಸಾದಾ ಸೈಕಲ್ಲಿನ ಸುಖದಲ್ಲಿ ಹೆಚ್ಚಿನ ಪಾಲು ಅದರ ಅಗಲವಾದ ಸ್ಪ್ರಿಂಗ್ ಸೀಟು, ದೊಡ್ಡ ಚಕ್ರ, ಮುಂದಕ್ಕೆ ಬಾಗಿದ ಫೋರ್ಕು, ನೆಟ್ಟಗೆ ಕೂರಿಸುವ ಹ್ಯಾಂಡಲ್, ಇವುಗಳದು. ನೆಟ್ಟಗೆ ಕುಳಿತಾಗ ಭಾರ ಪೃಷ್ಠದ ಮೂಳೆಗಳ ಮೇಲೆ ಬೀಳುತ್ತದೆ. ಬಾಗಿ ಕುಳಿತರೆ ಅಂಗೈ, ಮಣಿಕಟ್ಟು, ಕುತ್ತಿಗೆಗಳ ಮೇಲೆ ಬೀಳುತ್ತದೆ. ಕಿರುಬೆರಳೂ ಅದರ ಪಕ್ಕದ ಬೆರಳೂ ಜೋಮು ಹಿಡಿಯುವುದು ಈ ಒತ್ತಡದಿಂದ. ಸಪೂರ ಸೀಟು ವೃಷಣ ಮತ್ತು ಗುದದ ನಡುವಿನ ಭಾಗವನ್ನು ಒತ್ತಿ ಮರಗಟ್ಟಿಸುತ್ತದೆ. ಇದನ್ನು ಹೇಳಲು ಗಂಡಸರು ನಾಚುತ್ತಾರೆ. ನಾಚಬಾರದು, ಸೀಟನ್ನು ಬದಲಿಸಬೇಕು.

ಈಗ ಅಂಗಡಿಯ ಮಾತು. ನಮ್ಮಲ್ಲಿ ಸಾದಾ ಸೈಕಲ್ ಕಾರ್ಖಾನೆಯಿಂದ ಪೂರ್ತಿ ಸೈಕಲ್ಲಾಗಿ ಬರುವುದಿಲ್ಲ. ಫ್ರೇಮು, ರಿಮ್ಮು, ಕಡ್ಡಿ, ಹಬ್ಬು, ಚೈನು ಬಿಡಿಬಿಡಿಯಾಗಿ ಅಂಗಡಿಗೆ ಬರುತ್ತವೆ. ಅವುಗಳನ್ನು ಸೈಕಲ್ ಮಾಡುವವನು ಅಂಗಡಿಯವನು. ಒಂದೊಂದೇ ಕಡ್ಡಿ ಪೋಣಿಸಿ, ನಿಪ್ಪಲ್ ತಿರುಗಿಸಿ, ಚಕ್ರವನ್ನು ಸುತ್ತಿ ಬೆಂಡ್ ತೆಗೆಯುವುದು, ಕೋನ್ ಬಿಗಿಯನ್ನು ಬೆರಳಿನಲ್ಲೇ ಅಳೆಯುವುದು, ಕಾಟರ್ ಪಿನ್ನನ್ನು ಅರದಿಂದ ಉಜ್ಜಿ ಕೂರಿಸುವುದು, ಇವೆಲ್ಲ ವರ್ಷಗಟ್ಟಲೆ ಕೈ ಪಳಗಿದ ಮೇಲೆ ಬರುವ ವಿದ್ಯೆ. ಒಂದೇ ಕಂಪನಿಯ ಎರಡು ಸೈಕಲ್ಲುಗಳಲ್ಲಿ ಒಂದು ಹೂವಿನಂತೆ ಓಡಿ ಇನ್ನೊಂದು ಕಿರುಗುಟ್ಟುವುದಕ್ಕೆ ಕಾರಣ ಅನೇಕ ಸಲ ಈ ಕೈಯೇ. ಇಂಥ ಕಾಯಕಜೀವಿಗಳು ದುರ್ಗಿಗುಡಿಯ ಓಣಿಗಳಲ್ಲಿ, ಭದ್ರಾವತಿಯ ಹಳೇನಗರದಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ.

ಅವರಲ್ಲಿಗೆ ಹೋದಾಗ ಎರಡು ಅಳತೆಗಳನ್ನು ಕೇಳಿ ಮಾಡಿಸಿಕೊಳ್ಳಿರಿ. ಮೊದಲನೆಯದು ಫ್ರೇಮಿನದು. ಸಾದಾ ಸೈಕಲ್ 20, 22, 24 ಇಂಚುಗಳಲ್ಲಿ ಸಿಕ್ಕುತ್ತದೆ. ಹೆಚ್ಚಾಗಿ 22 ಇಂಚಿನದನ್ನೇ ಎಲ್ಲರ ಕೈಗೂ ಕೊಡುವುದು ವಾಡಿಕೆ. ಮೇಲಿನ ಬಾರಿನ ಎರಡೂ ಕಡೆ ಕಾಲಿಟ್ಟು ನೆಲದ ಮೇಲೆ ನಿಂತಾಗ ಬಾರಿಗೂ ದೇಹಕ್ಕೂ ನಡುವೆ ಒಂದೆರಡು ಇಂಚು ತೆರವಿರಬೇಕು. ಇಲ್ಲದಿದ್ದರೆ ಅದು ನಿಮ್ಮ ಸೈಕಲ್ಲಲ್ಲ. ಎರಡನೆಯದು ಸೀಟಿನದು, ಮೊಣಕಾಲಿನ ಭವಿಷ್ಯ ಇದರಲ್ಲಿದೆ. ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿಯನ್ನಿಟ್ಟಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಸ್ವಲ್ಪವೇ ಮಡಿಸಿದಂತಿರುತ್ತದೆ, ಅದೇ ಸರಿಯಾದ ಎತ್ತರ. ನಮ್ಮವರು ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲೆಂದು ಸೀಟನ್ನು ಕೆಳಗಿಳಿಸುತ್ತಾರೆ. ಹಾಗಾದಾಗ ಮೊಣಕಾಲು ಪ್ರತಿ ಸುತ್ತಿನಲ್ಲಿಯೂ ಅತಿಯಾಗಿ ಮಡಿಸಿ, ಚಿಪ್ಪು ತೊಡೆಯ ಮೂಳೆಗೆ ಒತ್ತಿಕೊಂಡು ನೋವು ಶುರುವಾಗುತ್ತದೆ. ಸೈಕಲ್ಲಿನಿಂದ ಮೊಣಕಾಲು ಹಾಳಾಯಿತೆಂದು ಬಂದವರಲ್ಲಿ ಎಷ್ಟೋ ಜನರಿಗೆ ನಾವು ಎಣ್ಣೆಯನ್ನೂ ಕೊಡದೆ ಸೀಟನ್ನು ಎರಡು ಬೆರಳು ಏರಿಸಿಕೊಳ್ಳಿರೆಂದು ಹೇಳಿ ಕಳುಹಿಸಿದ್ದೇವೆ. ಬೀಳುವ ಭಯವಿದ್ದವರು ಮೊದಲ ವಾರ ತಗ್ಗಿನಲ್ಲಿಟ್ಟು, ರೂಢಿಯಾದಂತೆ ಸ್ವಲ್ಪಸ್ವಲ್ಪವೇ ಏರಿಸಿಕೊಳ್ಳಬಹುದು. ಪೆಟ್ಟಿಗೆಯಲ್ಲಿ ಬಂದ ಸೈಕಲ್ಲಿಗೆ ಈ ಹೊಂದಾಣಿಕೆಗಳನ್ನು ಹೇಳಿಕೊಡುವವರು ಯಾರೂ ಇರುವುದಿಲ್ಲ. ಅಂಗಡಿಯವನಾದರೆ ನೀವು ರಸ್ತೆಯಲ್ಲಿ ಹತ್ತು ಮಾರು ತುಳಿಯುವುದನ್ನು ನೋಡಿಯೇ, ಇಳೀರಿ ಯಜಮಾನ್ರೆ, ಸೀಟು ಎತ್ತಬೇಕು, ಎಂದು ಪಾನ ಹಿಡಿದು ಬರುತ್ತಾನೆ.

ತಾಯಂದಿರಿಗೂ ಒಂದು ಮಾತು. ಮೇಲಿನ ಬಾರಿಲ್ಲದ ಲೇಡೀಸ್ ಸೈಕಲ್ಲಿಗೆ ಹಿಂಚಕ್ರದ ಮೇಲೆ ಬಲೆ, ಚೈನಿಗೆ ಪೂರ್ತಿ ಮುಚ್ಚಳ ಹಾಕಿಸಿದರೆ ಸೀರೆಯಲ್ಲಿಯೂ ತುಳಿಯಬಹುದು. ಐವತ್ತು ದಾಟಿದ ಹೆಣ್ಣುಮಕ್ಕಳಿಗೆ ಸೈಕಲ್ ಕಲಿಸಿದರೆ ಜನ ನಗುತ್ತಾರೆಂಬ ಅಂಜಿಕೆ ನಮ್ಮ ಸಮಾಜದಲ್ಲಿ ಇನ್ನೂ ಇದೆ. ನಗುವವರಿಗೆ ಔಷಧ ನಮ್ಮ ಬಳಿ ಇಲ್ಲ.

ಸಾದಾ ಸೈಕಲ್ಲು ಇಪ್ಪತ್ತು ಕಿಲೋ ತೂಗುತ್ತದೆ, ಏರಿನಲ್ಲಿ ಹೇಗೆ ತುಳಿಯುವುದು ಎಂಬ ಆಕ್ಷೇಪ ನ್ಯಾಯವಾದದ್ದು. ಶಿವಮೊಗ್ಗ, ಭದ್ರಾವತಿಗಳ ನಗರದೊಳಗೆ, ಹೊಳೆಹೊನ್ನೂರಿನ ಬಯಲು ರಸ್ತೆಯಲ್ಲಿ ಅದು ತೊಂದರೆಯಲ್ಲ. ತೂಕವುಳ್ಳ ಚಕ್ರ ಒಮ್ಮೆ ಉರುಳಿದರೆ ತಾನಾಗಿ ಎಳೆದುಕೊಂಡು ಹೋಗುತ್ತದೆ. ತೀರ್ಥಹಳ್ಳಿ, ಹೊಸನಗರದ ಏರಿಳಿತಗಳಲ್ಲಿ ಇರುವವರಿಗೆ ಗೇರು ಬೇಕೇ ಬೇಕು. ಉಕ್ಕಿನ ಫ್ರೇಮಿಗೆ ಗೇರು ಹಾಕಿದ ಸೈಕಲ್ಲುಗಳೂ ಸಿಕ್ಕುತ್ತವೆ. ಅಂಥದನ್ನು ಕೇಳಿ ಪಡೆಯಲಿ. ಏರು ಬಂದಲ್ಲಿ ಇಳಿದು ತಳ್ಳಿಕೊಂಡು ನಡೆಯುವುದೂ ಒಂದು ವ್ಯಾಯಾಮವೇ.

ಕಷ್ಟವಿರುವುದು ಅಂಗಡಿಗಳಿಗೆ. ಗಂಟೆಗಿಷ್ಟೆಂದು ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲ ಹೋಯಿತು. ಆ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ತುಳಿದು ಮಂಡಿ ತರಚಿಕೊಂಡವರು ಈಗ ಅಜ್ಜಂದಿರು. ದೊಡ್ಡ ಕಂಪನಿಗಳಿಗೇ ಉಳಿವು ಕಷ್ಟವಾಗಿದೆ: ಮನೆಮನೆಯ ಹೆಸರಾಗಿದ್ದ ಅಟ್ಲಾಸ್ ಕಂಪನಿಯು ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸವನ್ನು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಶಾಲೆಗೆ ಹೋಗುತ್ತಿದ್ದ ನೋಟ ಕಣ್ತುಂಬುವಂತಿತ್ತು. ಆದರೆ ಒಮ್ಮೆ ಬ್ರೇಕಿನ ರಬ್ಬರು ಸವೆದು, ಚೈನು ಸಡಿಲವಾದರೆ ಸರಿಮಾಡುವವರು ಹತ್ತಿರದಲ್ಲಿ ಇಲ್ಲದ ಊರುಗಳಲ್ಲಿ ಆ ಸೈಕಲ್ಲುಗಳು ಕೊಟ್ಟಿಗೆ ಸೇರಿದ್ದನ್ನೂ ನಾವು ನೋಡಿದ್ದೇವೆ. ಸೈಕಲ್ ಕೊಟ್ಟರೆ ಸಾಲದು, ಸೈಕಲ್ ಕಟ್ಟುವ ಕೈಯೂ ಊರಿನಲ್ಲಿ ಉಳಿಯಬೇಕು. ಭದ್ರಾವತಿಯ ಒಬ್ಬ ಹಿರಿಯ ಅಂಗಡಿಕಾರರು ಮೊನ್ನೆ ನಮಗೆ ಹೇಳಿದರು: ದಿನಕ್ಕೆ ನಾಲ್ಕು ಪಂಕ್ಚರು, ತಿಂಗಳಿಗೆ ಒಂದೆರಡು ಸೈಕಲ್ಲು, ಮಗ ಬೆಂಗಳೂರಿಗೆ ಹೋದ, ಚಕ್ರ ಕಟ್ಟುವುದನ್ನು ಕಲಿಯಲು ಯಾರೂ ಬರುವುದಿಲ್ಲ. ಅವರ ಕೈ ನಿಂತ ದಿನ ಆ ಬೀದಿಯ ಸೈಕಲ್ಲುಗಳೂ ನಿಲ್ಲುತ್ತವೆ.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ಕೋರಿಕೆ ಇದು. ಮಕ್ಕಳಿಗೆ, ಪ್ರತಿಭಾವಂತರಿಗೆ ಬಹುಮಾನವೆಂದು ಸೈಕಲ್ ಕೊಡುವ ಸಂಘ ಸಂಸ್ಥೆಗಳು ಅದನ್ನು ಊರಿನ ಅಂಗಡಿಯಿಂದ ಕೊಳ್ಳಲಿ, ಜೊತೆಗೆ ಒಂದು ವರ್ಷದ ರಿಪೇರಿಯ ಹಣವನ್ನೂ ಅವರಿಗೇ ಕಟ್ಟಲಿ. ಮನೆಯ ಅಟ್ಟದಲ್ಲಿ ತಂದೆಯವರ ಕಾಲದ ಸೈಕಲ್ಲಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಅಂಗಡಿಗೆ ತಳ್ಳಿಕೊಂಡು ಹೋಗಿ ತೋರಿಸಿ. ಟೈರು, ಟ್ಯೂಬು, ಬ್ರೇಕು, ಬಾಲ್ಸು ಹೊಸದಾಗಿ ಹಾಕಿದರೆ ನಲವತ್ತು ವರ್ಷದ ಫ್ರೇಮು ಮತ್ತೆ ಓಡುತ್ತದೆ. ಲಗ್ಗುಗಳ ಬಳಿ ತುಕ್ಕು ಆಳಕ್ಕಿಳಿದಿದ್ದರೆ ಮಾತ್ರ ಬೇಡ; ಮೇಲೆ ಹೇಳಿದ ಅರ್ಧಬಲದ ಮಿತಿ ತುಕ್ಕು ಹಿಡಿದ ಉಕ್ಕಿಗೆ ಅನ್ವಯಿಸುವುದಿಲ್ಲ.

ಮಲೆನಾಡಿನ ಮಳೆಯಲ್ಲಿ ತುಕ್ಕು ಒಳಗಿನಿಂದ ಬರುತ್ತದೆ. ಸೀಟಿನ ಕಂಬದ ಸಂದಿಯಿಂದ ಇಳಿದ ನೀರು ಪೆಡಲಿನ ಅಚ್ಚಿನ ಬಳಿ ನಿಲ್ಲುತ್ತದೆ. ಮೃಗಶಿರೆ ಮಳೆಗೆ ಮೊದಲೇ ಸೀಟನ್ನು ಕಿತ್ತು, ಕೊಳವೆಯೊಳಕ್ಕೆ ಎರಡು ಚಮಚ ಅಗಸೆ ಎಣ್ಣೆ ಬಿಟ್ಟು, ಸೈಕಲ್ಲನ್ನು ಅತ್ತಿತ್ತ ಹೊರಳಿಸಿ ಒಂದು ದಿನ ಬಿಡಬೇಕು. ಅಗಸೆ ಎಣ್ಣೆ ಒಣಗಿ ಪೊರೆಯಾಗಿ ನಿಲ್ಲುವ ಜಾತಿಯದು. ಅಭ್ಯಂಗದ ಗುಣವನ್ನು ಹೇಳುವಾಗ ಚರಕಾಚಾರ್ಯರು ಎಣ್ಣೆ ಸವರಿದ ಮಡಕೆ, ಚರ್ಮ ಮತ್ತು ಗಾಡಿಯ ಅಚ್ಚನ್ನು ಹೋಲಿಕೆಗೆ ತಂದಿದ್ದಾರೆ. ಅಚ್ಚಿಗೆ ಎಣ್ಣೆ ಹಾಕುವ ದಿನ ತಮ್ಮ ಮೊಣಕಾಲಿಗೂ ಸ್ವಲ್ಪ ಎಳ್ಳೆಣ್ಣೆ ಹಚ್ಚಿಕೊಳ್ಳಬಹುದು.

ತಲೆಸುತ್ತು ಬರುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಪೊರೆಯಿಂದ ದೃಷ್ಟಿ ಮಸುಕಾದವರು, ನಡೆದರೆ ಎದೆ ಹಿಡಿಯುವವರು ವೈದ್ಯರಿಗೆ ತೋರಿಸದೆ ಸೈಕಲ್ ಏರಬಾರದು. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ಹೊರಡಬಾರದು, ಜೇಬಿನಲ್ಲಿ ಬೆಲ್ಲದ ತುಂಡು ಇರಲಿ. ಉಳಿದವರು ಬೆಳಗಿನ ಹೊತ್ತು ಬಿ.ಎಚ್. ರಸ್ತೆಯ ಲಾರಿಗಳನ್ನು ಬಿಟ್ಟು ಬಡಾವಣೆಯ ಒಳರಸ್ತೆಗಳಲ್ಲಿ ಹದಿನೈದು ನಿಮಿಷದಿಂದ ಆರಂಭಿಸಲಿ.